ಕೈಗೆ ಭಾರ ಆದಾಗಲೇ ಕರೆಂಟು

(ಮಳೆಗಾಲದ ಒಂದು ಸಂಜೆ ಶಿರಸಿಯಲ್ಲಿ ಮಾಡಿದ ಉಪನ್ಯಾಸ. ಟಿಪ್ಪಣಿ ಮತ್ತು ರೆಕಾರ್ಡಿಂಗ್ ಇಟ್ಟುಕೊಂಡು ಬರಹಕ್ಕೆ ಇಳಿಸಿದ್ದು.)

ಈ ಮೇಜಿನ ಮೇಲೆ ಎರಡು ವಸ್ತು ಇಟ್ಟಿದ್ದೇನೆ. ಒಂದು, ಪಿವಿಸಿ ಪೈಪಿನ ತುಂಡು. ಅದರ ಮೇಲೆ ತಾಮ್ರದ ತಂತಿ ಸುತ್ತಿದ್ದೇನೆ, ಸುಮಾರು 1200 ಸುತ್ತು. ಹೀಗೆ ಸುತ್ತಿದ ತಂತಿಗೇ ಕಾಯಿಲ್ ಎನ್ನುವುದು. ಇನ್ನೊಂದು, ಬೆರಳ ತುದಿಯಷ್ಟು ದೊಡ್ಡ ಆಯಸ್ಕಾಂತ. ತಂತಿಯ ಎರಡು ತುದಿಗೆ ಎರಡು ಎಲ್‌ಇಡಿ ಕಟ್ಟಿದೆ, ಒಂದು ಕೆಂಪು, ಒಂದು ಹಸಿರು. ಈಗ ಆಯಸ್ಕಾಂತವನ್ನು ಪೈಪಿನೊಳಗೆ ಇಳಿಸಿ ಕಾಯಿಲಿನ ನಟ್ಟನಡುವೆ ನಿಲ್ಲಿಸುತ್ತೇನೆ. ನೋಡಿ. ಏನೂ ಆಗಲಿಲ್ಲ.

ಹತ್ತು ನಿಮಿಷ ಬಿಟ್ಟರೂ ಅಷ್ಟೇ, ಹತ್ತು ವರ್ಷ ಬಿಟ್ಟರೂ ಅಷ್ಟೇ. ಇದು ನಿಯೋಡಿಮಿಯಮ್ ಆಯಸ್ಕಾಂತ, ಭಾರಿ ಗಟ್ಟಿ. ಇಂಥವು ಎರಡು ಅಂಟಿಕೊಂಡರೆ ಬಿಡಿಸುವಷ್ಟರಲ್ಲಿ ಉಗುರು ಮುರಿಯುತ್ತದೆ. ಆದರೂ ದೀಪ ಹತ್ತಲಿಲ್ಲ.

ಈಗ ಪೈಪಿನ ಎರಡೂ ಬಾಯಿಗೆ ಬೆರಳು ಒತ್ತಿ ಅಲ್ಲಾಡಿಸುತ್ತೇನೆ. ಸಭೆಯ ಲೈಟು ಒಂದು ನಿಮಿಷ ಆರಿಸಿ. ಹಿಂದಿನ ಸಾಲಿಗೂ ಕಾಣಿಸಿತಾ? ಕೆಂಪು, ಹಸಿರು, ಕೆಂಪು, ಹಸಿರು. ಸೆಲ್ ಇಲ್ಲ, ಬ್ಯಾಟರಿ ಇಲ್ಲ, ಗೋಡೆಯ ಪ್ಲಗ್ಗಿಗೆ ಹೋದ ವೈರೂ ಇಲ್ಲ.

ಈ ಬೆಳಕು ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ಆಯಸ್ಕಾಂತದಿಂದ ಎನ್ನುತ್ತೀರಿ. ನಾನು ನನ್ನ ತೋಳಿನಿಂದ ಎನ್ನುತ್ತೇನೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಬೆಳಿಗ್ಗೆ ನಾನು ತಿಂದ ದೋಸೆ ಈಗ ಇಲ್ಲಿ ಕೆಂಪಾಗಿ, ಹಸಿರಾಗಿ ಉರಿಯಿತು ಎಂದರೂ ಅದು ನಿಜವೇ.

ಮೊದಲು ಸ್ವಲ್ಪ ಹಿಂದೆ ಹೋಗೋಣ. 1820ರಲ್ಲಿ ಕೋಪನ್‌ಹೇಗನ್‌ನಲ್ಲಿ ಓರ್ಸ್ಟೆಡ್ ಎಂಬ ಪ್ರೊಫೆಸರ್ ಒಂದು ವಿಷಯ ಕಂಡುಕೊಂಡರು. ಕರೆಂಟು ಹರಿಯುವ ತಂತಿಯ ಹತ್ತಿರ ಕಂಪಾಸ್ ಇಟ್ಟರೆ ಅದರ ಮುಳ್ಳು ತಿರುಗುತ್ತದೆ. ಜಿಪಿಎಸ್ ಬರುವ ಮೊದಲು ನಮ್ಮ ಕಾರವಾರ, ತದಡಿ ಕಡೆ ದೋಣಿಯವರು ನಂಬಿಕೊಂಡಿದ್ದ ಅದೇ ಕಂಪಾಸ್. ಉತ್ತರ ತೋರಿಸಬೇಕಾದ ಮುಳ್ಳು ತಂತಿಯ ಮಾತು ಕೇಳಿತು. ಅಂದರೆ ಕರೆಂಟಿನಿಂದ ಆಯಸ್ಕಾಂತದ ಗುಣ ಬರುತ್ತದೆ ಎಂದಾಯಿತು. ಹಾಗಾದರೆ ಆಯಸ್ಕಾಂತದಿಂದ ಕರೆಂಟು ಬರಬೇಕಲ್ಲ? ಯುರೋಪಿನಲ್ಲಿ ಬಲ್ಲವರೆಲ್ಲ ಇದರ ಹಿಂದೆ ಬಿದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರ ಕೈಗೂ ಅದು ಸಿಗಲಿಲ್ಲ.

ಯಾಕೆ ಸಿಗಲಿಲ್ಲ ಎಂಬುದಕ್ಕೆ ಜಿನೀವಾದ ಕೊಲಾಡೋನ್ ಎಂಬವರ ಕಥೆ ಕೇಳಿ. ನನಗೆ ಈ ಮನುಷ್ಯನ ಮೇಲೆ ತುಂಬಾ ಪ್ರೀತಿ. 1825ರ ಮಾತು. ಅವರು ನಾನು ಈಗ ತೋರಿಸಿದ್ದನ್ನೇ ಮಾಡಿದರು. ಕಾಯಿಲ್ ಸುತ್ತಿದರು, ಅದರ ಹತ್ತಿರ ದೊಡ್ಡ ಆಯಸ್ಕಾಂತ ತಂದರು. ಕರೆಂಟು ಬಂತೋ ಇಲ್ಲವೋ ತಿಳಿಯಲು ಗ್ಯಾಲ್ವನೋಮೀಟರ್ ಇತ್ತು. ಅದೂ ಮುಳ್ಳಿನ ಉಪಕರಣವೇ. ಆಯಸ್ಕಾಂತ ಪಕ್ಕದಲ್ಲೇ ಇದ್ದರೆ ಮುಳ್ಳು ಸುಮ್ಮನೆ ಅದರ ಕಡೆ ತಿರುಗಿಬಿಡುತ್ತದೆ, ಮೋಸ ಹೋಗುತ್ತೇವೆ ಎಂದು ಅವರು ಜಾಗ್ರತೆ ಮಾಡಿದರು. ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟು ಅಲ್ಲಿಯವರೆಗೆ ಉದ್ದ ತಂತಿ ಎಳೆದರು. ಈ ಕೋಣೆಯಲ್ಲಿ ಆಯಸ್ಕಾಂತವನ್ನು ಕಾಯಿಲಿಗೆ ತಂದಿಟ್ಟು, ಆ ಕೋಣೆಗೆ ನಡೆದುಹೋಗಿ ನೋಡಿದರು. ಮುಳ್ಳು ಸೊನ್ನೆಯಲ್ಲಿ ನಿಂತಿತ್ತು.

ಮುಳ್ಳು ತಿರುಗಿತ್ತು. ಅವರು ನಡೆದು ಬರುವಷ್ಟರಲ್ಲಿ ವಾಪಸು ಬಂದಿತ್ತು. ಆ ಕೋಣೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿದ್ದರೂ ಸಾಕಿತ್ತು, ಇವತ್ತು ಶಾಲೆಯ ಮಕ್ಕಳು ಬೇರೆಯೇ ಹೆಸರನ್ನು ಬಾಯಿಪಾಠ ಮಾಡುತ್ತಿದ್ದರು. ಅವರ ಉಪಕರಣದಲ್ಲಿ ದೋಷ ಇರಲಿಲ್ಲ, ಶ್ರದ್ಧೆಗೂ ಕೊರತೆ ಇರಲಿಲ್ಲ. ಆಯಸ್ಕಾಂತ ಅಲ್ಲಿ ಇದ್ದರೆ ಕರೆಂಟು ಹರಿಯುತ್ತಲೇ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಮೈಕೇಲ್ ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಇಂಗ್ಲೆಂಡಿನ ಒಬ್ಬ ಕಮ್ಮಾರನ ಮನೆಯಲ್ಲಿ. ಹೆಚ್ಚು ಓದಲಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ರಟ್ಟು ಕಟ್ಟಲು ಬಂದ ಪುಸ್ತಕಗಳನ್ನೇ ಓದಿದ. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದ. ಮಕ್ಕಳೇ, ನಿಮಗೊಂದು ಮಾತು. ಅವನಿಗೆ ದೊಡ್ಡ ಗಣಿತ ಬರುತ್ತಿರಲಿಲ್ಲ. ಅವನ ಗಣಿತ ಎಲ್ಲ ಕೈಯಲ್ಲಿ, ಕಣ್ಣಿನಲ್ಲಿ ಇತ್ತು. ಕಾಗದದ ಕೆಳಗೆ ಆಯಸ್ಕಾಂತ ಇಟ್ಟು ಮೇಲೆ ಕಬ್ಬಿಣದ ಪುಡಿ ಉದುರಿಸಿದರೆ ಗೆರೆಗೆರೆಯಾಗಿ ಕೂರುತ್ತದೆ, ನೋಡಿದ್ದೀರಿ ಅಲ್ವಾ? ಬೇರೆಯವರಿಗೆ ಅದು ಚಿತ್ರ. ಫ್ಯಾರಡೆಗೆ ಆ ಗೆರೆಗಳು ನಿಜವಾಗಿ ಗಾಳಿಯಲ್ಲಿ ಇದ್ದವು.

1831ರ ಆಗಸ್ಟ್ 29ರಂದು ಅವನು ಒಂದು ಕಬ್ಬಿಣದ ಬಳೆ ತೆಗೆದುಕೊಂಡ. 6 ಇಂಚು ಅಗಲ. ಒಂದು ಮಗ್ಗುಲಿಗೆ ಒಂದು ಕಾಯಿಲ್, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಆಗ ಎನಾಮಲ್ ತಂತಿ ಇರಲಿಲ್ಲ. ಹತ್ತಿಯ ದಾರ, ಬಟ್ಟೆಯ ಪಟ್ಟಿ ಸುತ್ತಿ ಸುತ್ತಿ ತಂತಿಗೆ ತಂತಿ ತಾಗದ ಹಾಗೆ ಮಾಡಬೇಕಿತ್ತು. ಎಷ್ಟು ತಾಳ್ಮೆ ಬೇಕು ನೋಡಿ. ಒಂದು ಕಾಯಿಲಿಗೆ ಬ್ಯಾಟರಿ ಮುಟ್ಟಿಸಿದ ಕ್ಷಣ, ಇನ್ನೊಂದು ಕಾಯಿಲಿನ ಮುಳ್ಳು ಒಮ್ಮೆ ಹಾರಿ ನಿಂತಿತು. ಬ್ಯಾಟರಿ ತೆಗೆದ ಕ್ಷಣ ಮತ್ತೆ ಹಾರಿತು, ಈ ಸಲ ಎದುರು ದಿಕ್ಕಿಗೆ. ಮಧ್ಯದಲ್ಲಿ, ಕರೆಂಟು ಒಂದೇ ಸಮ ಹರಿಯುವಾಗ, ಏನೂ ಇಲ್ಲ. ಅದೇ ಅಕ್ಟೋಬರ್ 17ರಂದು ಬಳೆಯನ್ನೂ ಬ್ಯಾಟರಿಯನ್ನೂ ಪಕ್ಕಕ್ಕಿಟ್ಟ. ಕಾಗದದ ಕೊಳವೆಯ ಮೇಲೆ ತಂತಿ ಸುತ್ತಿ, ಒಂದು ಉದ್ದನೆಯ ಆಯಸ್ಕಾಂತವನ್ನು ಒಳಗೆ ತಳ್ಳಿದ, ಹೊರಗೆ ಎಳೆದ. ಮುಳ್ಳು ಆಚೆ, ಈಚೆ. ನಾನು ಈಗ ಅಲ್ಲಾಡಿಸಿದೆನಲ್ಲ, ಅದು ಇದೇ.

ಅವನಿಗೆ ಸಿಕ್ಕಿದ್ದು ಇದು. ಬೇಕಾದದ್ದು ಬದಲಾವಣೆ. ಕಾಯಿಲಿನೊಳಗೆ ಆಯಸ್ಕಾಂತದ ಬಲ ಹೆಚ್ಚುತ್ತಿರಬೇಕು ಅಥವಾ ಕಡಿಮೆಯಾಗುತ್ತಿರಬೇಕು. ಎಷ್ಟೇ ಬಲ ಇರಲಿ, ನಿಂತಲ್ಲೇ ನಿಂತರೆ ಏನೂ ಹುಟ್ಟುವುದಿಲ್ಲ.

ತಂತಿಯೊಳಗೆ ಏನಾಗುತ್ತದೆ? ನಿಮ್ಮ ತೋಟದ ಸ್ಪ್ರಿಂಕ್ಲರ್ ಪೈಪು ನೆನಪಿಸಿಕೊಳ್ಳಿ. ಪಂಪು ನಿಂತಿದ್ದರೂ ಪೈಪಿನ ತುಂಬ ನೀರು ಇರುತ್ತದೆ. ಪಂಪು ನೀರನ್ನು ಹೊಸದಾಗಿ ತಯಾರಿಸುವುದಿಲ್ಲ, ಇದ್ದ ನೀರನ್ನು ದೂಡುತ್ತದೆ. ತಾಮ್ರದ ತಂತಿಯಲ್ಲೂ ಓಡಾಡಬಲ್ಲ ಎಲೆಕ್ಟ್ರಾನುಗಳು ಮೊದಲೇ ತುಂಬಿವೆ. ಹತ್ತಿರದಲ್ಲಿ ಆಯಸ್ಕಾಂತ ಚಲಿಸಿದರೆ ಅವುಗಳಿಗೆ ಒಂದು ದೂಡು ಸಿಗುತ್ತದೆ. ಆ ದೂಡಿನ ಜೋರನ್ನು ನಾವು ವೋಲ್ಟ್‌ನಲ್ಲಿ ಅಳೆಯುತ್ತೇವೆ. ಬೇಗ ಅಲ್ಲಾಡಿಸಿದರೆ ದೂಡು ಜಾಸ್ತಿ. ಸುತ್ತು ಹೆಚ್ಚಿಸಿದರೆ ಒಂದೊಂದು ಸುತ್ತಿನ ದೂಡೂ ಸೇರಿಕೊಳ್ಳುತ್ತದೆ, ಅದಕ್ಕೇ 1200 ಸುತ್ತು. ಹನ್ನೆರಡೇ ಸುತ್ತು ಹಾಕಿದ್ದರೆ ಈ ಎಲ್‌ಇಡಿ ಕಣ್ಣು ಬಿಡುತ್ತಿರಲಿಲ್ಲ. ಆಯಸ್ಕಾಂತ ಗಟ್ಟಿಯಾದಷ್ಟೂ ಒಳ್ಳೆಯದು ಎಂದು ಬೇರೆ ಹೇಳಬೇಕಾಗಿಲ್ಲ.

ಅಂದ ಹಾಗೆ, ನಾನು ಮಾತಾಡುತ್ತಿರುವ ಈ ಮೈಕಿನೊಳಗೂ ಇದೇ ಇದೆ. ತೆಳ್ಳನೆಯ ಒಂದು ಹಾಳೆ, ಅದಕ್ಕೆ ಅಂಟಿದ ಪುಟ್ಟ ಕಾಯಿಲ್, ಪಕ್ಕದಲ್ಲಿ ಆಯಸ್ಕಾಂತ. ನನ್ನ ದನಿಗೆ ಹಾಳೆ ನಡುಗುತ್ತದೆ, ಕಾಯಿಲ್ ನಡುಗುತ್ತದೆ, ಕರೆಂಟು ಹುಟ್ಟುತ್ತದೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಅಲ್ಲಿಯೂ ಆಯಸ್ಕಾಂತ, ಅಲ್ಲಿಯೂ ಕಾಯಿಲ್, ಕೆಲಸ ಮಾತ್ರ ಉಲ್ಟಾ. ಯಕ್ಷಗಾನದಲ್ಲಿ ಭಾಗವತರ ಪದ ಗದ್ದೆಯ ಆಚೆ ಕೊನೆಯವರೆಗೆ ಕೇಳಿಸುವುದು ಹೀಗೆ. ನನಗೆ ಇದನ್ನು ನೆನೆದಾಗಲೆಲ್ಲ ಮೈ ಜುಂ ಎನ್ನುತ್ತದೆ. ಮನುಷ್ಯನ ಉಸಿರು ತಂತಿಯಲ್ಲಿ ಹರಿಯುತ್ತದೆ!

ಈಗ ತೋಳಿನ ಮಾತಿಗೆ ಬರುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮಪ್ಪಯ್ಯ ಪೇಟೆಯಿಂದ ಮನೆಗೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಟೈರಿಗೆ ತಾಗಿಕೊಂಡು ತಿರುಗುವ ಬಾಟಲಿಯಂಥ ಡೈನಮೋ, ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 6 ವೋಲ್ಟ್, 3 ವ್ಯಾಟ್. ಒಳಗೆ ಆಯಸ್ಕಾಂತ ತಿರುಗುತ್ತದೆ, ಸುತ್ತ ಕಾಯಿಲ್ ಸುಮ್ಮನೆ ನಿಂತಿರುತ್ತದೆ. ಇಳಿಜಾರಿನಲ್ಲಿ ದೀಪ ಬೆಳ್ಳಗೆ ಉರಿಯುವುದು, ಏರಿನಲ್ಲಿ ಮಿಣುಕುವುದು. ಏರು ಬಂತೆಂದರೆ ಅಪ್ಪಯ್ಯ ಇಳಿದು ಡೈನಮೋವನ್ನು ಟೈರಿನಿಂದ ಬಿಡಿಸಿ, ಕತ್ತಲೆಯಲ್ಲೇ ತುಳಿಯುತ್ತಿದ್ದರು. ಯಾಕೆ ಎಂದು ಕೇಳಿದರೆ, "ಎಳೀತು ಮಾರಾಯ, ದೀಪ ಹಚ್ಚಿದ್ರೆ ಸೈಕಲ್ಲು ಭಾರ" ಎನ್ನುತ್ತಿದ್ದರು.

ಅಪ್ಪಯ್ಯ ಹೇಳಿದ್ದು ಭೌತಶಾಸ್ತ್ರದ ಒಂದು ದೊಡ್ಡ ನಿಯಮ. 1834ರಲ್ಲಿ ಲೆಂಜ್ ಎಂಬ ವಿಜ್ಞಾನಿ ಬರೆದಿಟ್ಟದ್ದು. ಕಾಯಿಲಿನಲ್ಲಿ ಕರೆಂಟು ಹುಟ್ಟಿದ ಕೂಡಲೇ ಆ ಕಾಯಿಲೂ ಒಂದು ಆಯಸ್ಕಾಂತವಾಗುತ್ತದೆ. ಓರ್ಸ್ಟೆಡ್ ಕಂಡದ್ದು ಅದೇ ತಾನೆ? ಈ ಹೊಸ ಆಯಸ್ಕಾಂತ ಯಾವಾಗಲೂ ಒಂದೇ ಕೆಲಸ ಮಾಡುತ್ತದೆ, ತನ್ನನ್ನು ಹುಟ್ಟಿಸಿದ ಚಲನೆಗೆ ಅಡ್ಡ ನಿಲ್ಲುತ್ತದೆ. ಒಳಗೆ ತಳ್ಳಿದರೆ ಹೊರಗೆ ದೂಡುತ್ತದೆ. ಹೊರಗೆ ಎಳೆದರೆ ಒಳಗೆ ಎಳೆಯುತ್ತದೆ. ಅದನ್ನು ಮೀರಿ ತಳ್ಳುವ ಶ್ರಮವೇ ದೀಪದಲ್ಲಿ ಬೆಳಕಾಗಿ ಬರುವುದು.

ಕಣ್ಣಾರೆ ನೋಡಿ. ಇದು ಒಂದು ಮೀಟರ್ ಉದ್ದದ ತಾಮ್ರದ ಪೈಪು, ಎಸಿ ರಿಪೇರಿ ಮಾಡುವವರ ಹತ್ತಿರ ಸಿಕ್ಕಿತು. ಆಯಸ್ಕಾಂತ ತಾಮ್ರಕ್ಕೆ ಅಂಟುವುದಿಲ್ಲ, ನೋಡಿ, ಜಾರಿ ಬಿತ್ತು. ಮೊದಲು ಪೈಪಿನೊಳಗೆ ಅಷ್ಟೇ ದಪ್ಪದ ಕಬ್ಬಿಣದ ತುಂಡು ಬಿಡುತ್ತೇನೆ. ಟಕ್. ಅರ್ಧ ಸೆಕೆಂಡೂ ಆಗಲಿಲ್ಲ. ಈಗ ಆಯಸ್ಕಾಂತ. ನೀವೇ ಎಣಿಸಿ. ಒಂದು... ಎರಡು... ಮೂರು... ಇನ್ನೂ ಒಳಗೇ ಇದೆ! ಪುಟ್ಟೀ, ನೀನು ಬಂದು ಪೈಪಿನೊಳಗೆ ಇಣುಕು. ಹೇಗೆ ಇಳಿಯುತ್ತಿದೆ? "ಜೇನುತುಪ್ಪದಲ್ಲಿ ಇಳಿದ ಹಾಗೆ" ಅಂತೆ. ಎಷ್ಟು ಚೆನ್ನಾಗಿ ಹೇಳಿದಳು.

ಪೈಪಿನ ಗೋಡೆಯಲ್ಲಿ ಸುತ್ತಸುತ್ತ ಕರೆಂಟು ಹುಟ್ಟುತ್ತದೆ, ಅದು ಬೀಳುವ ಆಯಸ್ಕಾಂತವನ್ನು ತಡೆಯುತ್ತದೆ. ಪೈಪು ತುಸುವೇ ಬಿಸಿಯಾಗುತ್ತದೆ, ನಮ್ಮ ಕೈಗೆ ಗೊತ್ತಾಗದಷ್ಟು. ಅಡುಗೆಮನೆಯ ಇಂಡಕ್ಷನ್ ಸ್ಟವ್ ಇದನ್ನೇ ಜೋರಾಗಿ ಮಾಡುತ್ತದೆ. ಅಲ್ಲಿ ಆಯಸ್ಕಾಂತದ ಬಲ ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತದೆ, ಪಾತ್ರೆಯ ತಳದಲ್ಲೇ ಕರೆಂಟು ಸುತ್ತಿ ತಳವೇ ಕಾಯುತ್ತದೆ.

ಭಾರವಾಗುವುದನ್ನು ಕಿವಿಯಲ್ಲೂ ಕೇಳಬಹುದು. ಮಾರಿಕಾಂಬಾ ಜಾತ್ರೆಯಲ್ಲಿ ಡೀಸೆಲ್ ಜನರೇಟರ್ ಪಕ್ಕ ನಿಂತಿದ್ದೀರಾ? ಖಾಲಿ ಓಡುವಾಗ ಅದರದ್ದೊಂದು ಹಗುರ ಸದ್ದು. ಸಾಲು ದೀಪ ಹಾಕಿದರು, ತೊಟ್ಟಿಲು ತಿರುಗಿಸಲು ಶುರು ಮಾಡಿದರು ಅನ್ನಿ. ಆ ಕ್ಷಣ ಇಂಜಿನ್ನಿನ ದನಿ ಬದಲಾಗಿ ಗುಂಯ್ ಎಂದು ನರಳುತ್ತದೆ. ಅಪ್ಪಯ್ಯನ ಸೈಕಲ್ಲಿಗೆ ಏರಿನಲ್ಲಿ ಆದದ್ದೇ ಅದಕ್ಕೂ ಆಗುತ್ತದೆ. ಮುಂದಿನ ಜಾತ್ರೆಯಲ್ಲಿ ದಯವಿಟ್ಟು ಕಿವಿಗೊಟ್ಟು ಕೇಳಿ.

ಹಾಗಾದರೆ ಆಯಸ್ಕಾಂತದ ಪಾತ್ರ ಏನು? ಶಿರಸಿಯವರಿಗೆ ನಾನು ಅಡಿಕೆಯ ಲೆಕ್ಕದಲ್ಲೇ ಹೇಳುತ್ತೇನೆ. ಆಯಸ್ಕಾಂತ ದಲಾಲಿ ಅಂಗಡಿ ಇದ್ದ ಹಾಗೆ. ಈ ಕೈಯಲ್ಲಿ ಅಡಿಕೆ ತೆಗೆದುಕೊಳ್ಳುತ್ತದೆ, ಆ ಕೈಯಲ್ಲಿ ಹಣ ಕೊಡುತ್ತದೆ. ಅದು ಇಲ್ಲದೆ ವ್ಯಾಪಾರ ನಡೆಯುವುದಿಲ್ಲ. ಆದರೆ ಅಡಿಕೆ ಬೆಳೆದದ್ದು ಅಲ್ಲಲ್ಲ, ನಿಮ್ಮ ತೋಟದಲ್ಲಿ. ಚಲನೆ ಕೊಟ್ಟರೆ ಕರೆಂಟು ಕೊಡುತ್ತದೆ, ಅದರಲ್ಲೂ ಸ್ವಲ್ಪ ಬಿಸಿಯ ರೂಪದಲ್ಲಿ ಕಮಿಷನ್ ಹೋಗುತ್ತದೆ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮೊಬೈಲಿನಲ್ಲಿ ನೀವು ವಿಡಿಯೋ ನೋಡಿರುತ್ತೀರಿ. ಒಂದು ಸ್ಪೀಕರ್ ಆಯಸ್ಕಾಂತ, ನಾಲ್ಕು ಸುತ್ತು ತಂತಿ, ಒಂದು ಬಲ್ಬು. ಬಲ್ಬು ಧಗಧಗ ಉರಿಯುತ್ತದೆ. ಜೀವಮಾನ ಪೂರ್ತಿ ಪುಕ್ಕಟೆ ಕರೆಂಟು ಎನ್ನುತ್ತಾರೆ. ನನ್ನ ಹತ್ತಿರ ಬಂದು "ಸರ್, ಇದನ್ನು ಮಾಡಿಕೊಡಿ" ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಒಬ್ಬರು ಇಂಥ ಯಂತ್ರಕ್ಕೆಂದು ದುಡ್ಡು ಕೊಟ್ಟು ಕಳೆದುಕೊಂಡಿದ್ದರು. ನನಗೆ ಬಹಳ ಸಂಕಟವಾಯಿತು. ಆ ವಿಡಿಯೋಗಳಲ್ಲಿ ಎಲ್ಲೋ ಅಡಗಿಸಿಟ್ಟ ಬ್ಯಾಟರಿ ಇರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: ಯಾರಿಗೆ ಭಾರ ಆಗುತ್ತಿದೆ? ಯಾರಿಗೂ ಭಾರ ಆಗುತ್ತಿಲ್ಲ ಎಂದಾದರೆ ಅಲ್ಲಿ ಕರೆಂಟು ಹುಟ್ಟುತ್ತಿಲ್ಲ.

ಎಷ್ಟು ಭಾರ ಎಂದು ಬಾವಿಯಲ್ಲಿ ಲೆಕ್ಕ ಹಾಕೋಣ. 10 ಮೀಟರ್ ಆಳದ ಬಾವಿಯಿಂದ 20 ಲೀಟರ್ ನೀರು ಸೇದುತ್ತೀರಿ. ತೋಳು ನೋಯುತ್ತದೆ ತಾನೆ? ಆ ಶ್ರಮ ಪೂರ್ತಿ ಕರೆಂಟಾದರೂ ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಮೂರೂವರೆ ನಿಮಿಷ ಉರಿಯುತ್ತದೆ. ಅಷ್ಟೇ. ಬಿಲ್ಲಿನಲ್ಲಿ ಒಂದು ಯೂನಿಟ್ ಎಂದು ಬರೆಯುತ್ತಾರಲ್ಲ, ಅದಕ್ಕೆ ಅದೇ ಕೊಡವನ್ನು 1800 ಸಲಕ್ಕಿಂತ ಜಾಸ್ತಿ ಸೇದಬೇಕು. ಈ ಲೆಕ್ಕ ಮಾಡಿದ ದಿನದಿಂದ ನಾನು ಯೂನಿಟ್ಟಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಯಾರ ತೋಳು ಅಷ್ಟು ಸೇದುತ್ತದೆ? ನಮ್ಮ ಜಿಲ್ಲೆಯಲ್ಲಿ ಕಾಳಿ ನದಿ ಸೇದುತ್ತದೆ.

ಕಾಳಿ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆ, ಕಡಲು ಸೇರುವುದು ಕಾರವಾರದಲ್ಲಿ. ನಡುವೆ ಒಂದೇ ನೀರು ಎಷ್ಟು ಸಲ ದುಡಿಯುತ್ತದೆ ನೋಡಿ. ಸೂಪಾ ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ. ಮುಂದೆ ನಾಗಝರಿಯಲ್ಲಿ ಆರು ದೊಡ್ಡ ಯಂತ್ರ. ಆಮೇಲೆ ಕೊಡಸಳ್ಳಿಯಲ್ಲಿ 40 ಮೆಗಾವ್ಯಾಟಿನ ಮೂರು. ಕೊನೆಗೆ ಕದ್ರಾದಲ್ಲಿ 50ರ ಮೂರು. ಎಲ್ಲ ಕಡೆಯೂ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಆಯಸ್ಕಾಂತ ತಿರುಗಿಸುತ್ತದೆ. ಇಷ್ಟು ದೊಡ್ಡ ಯಂತ್ರದಲ್ಲಿ ಇರುವುದು ನನ್ನ ಕೈಯಲ್ಲಿರುವಂಥ ಶಾಶ್ವತ ಆಯಸ್ಕಾಂತ ಅಲ್ಲ. ಕಬ್ಬಿಣಕ್ಕೆ ಕಾಯಿಲ್ ಸುತ್ತಿ, ಅದಕ್ಕೆ ಸ್ವಲ್ಪ ಕರೆಂಟು ಕೊಟ್ಟು ಆಯಸ್ಕಾಂತ ಮಾಡಿರುತ್ತಾರೆ. ಹಾಗೆ ಮಾಡಿದರೆ ಅದರ ಬಲವನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು.

ಸೂಪಾ ಎಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದು ಅಣೆಕಟ್ಟಿನ ಹೆಸರಾಗುವ ಮೊದಲು ಒಂದು ಊರಿನ ಹೆಸರಾಗಿತ್ತು. ಪೇಟೆ ಇತ್ತು, ಮನೆ ಇತ್ತು. ಎಲ್ಲ ನೀರಿನ ಕೆಳಗೆ ಹೋಯಿತು. ಅಲ್ಲಿಯವರು ರಾಮನಗರದಂಥ ಕಡೆ ಹೊಸದಾಗಿ ಬದುಕು ಕಟ್ಟಿಕೊಂಡರು. ಯಾರಿಗೆ ಭಾರ ಎಂದು ಕೇಳುವಾಗ ಅವರನ್ನೂ ಲೆಕ್ಕದಲ್ಲಿ ಇಡಬೇಕು.

ಕದ್ರಾದ ಹಿನ್ನೀರಿನ ದಡದಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ಅಣು ಎಂದ ಕೂಡಲೇ ಅಲ್ಲಿ ಬೇರೇನೋ ರೀತಿಯಲ್ಲಿ ಕರೆಂಟು ಬರುತ್ತದೆ ಎಂದು ಅನಿಸುತ್ತದೆ. ಇಲ್ಲ. ಅಲ್ಲಿ ಯುರೇನಿಯಂ ಒಲೆಯ ಕೆಲಸ ಮಾಡುತ್ತದೆ. ನೀರು ಕಾಯಿಸುತ್ತದೆ, ಹಬೆ ಬರುತ್ತದೆ, ಹಬೆ ಚಕ್ರ ತಿರುಗಿಸುತ್ತದೆ. ಕೊನೆಯಲ್ಲಿ ಮತ್ತೆ ಫ್ಯಾರಡೆಯ ಕಾಯಿಲ್, ಆಯಸ್ಕಾಂತ. 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಮೊದಲನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು, ಆಗ ಅದು ಜಗತ್ತಿನ ದಾಖಲೆ. ಅಲ್ಲಿ ಚಕ್ರ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಮನೆಗೆ ಹೋಗಿ ಗುಣಿಸಿ ನೋಡಿ, ಆ 962 ದಿನದಲ್ಲಿ 415 ಕೋಟಿ ಸುತ್ತು.

3000 ಯಾಕೆ? ನನ್ನ ಎಲ್‌ಇಡಿ ಕೆಂಪು, ಹಸಿರು ಎಂದು ಬದಲಾಗುತ್ತಿತ್ತಲ್ಲ. ಆಯಸ್ಕಾಂತ ಹೋಗುವಾಗ ಕರೆಂಟು ಒಂದು ಕಡೆಗೆ, ಬರುವಾಗ ಇನ್ನೊಂದು ಕಡೆಗೆ. ತಿರುಗುವ ಆಯಸ್ಕಾಂತದಲ್ಲೂ ಉತ್ತರ ಧ್ರುವ ಹಾದುಹೋದಾಗ ಒಂದು ಕಡೆಗೆ, ದಕ್ಷಿಣ ಧ್ರುವ ಹಾದುಹೋದಾಗ ಇನ್ನೊಂದು ಕಡೆಗೆ. ನಮ್ಮ ದೇಶದಲ್ಲಿ ಇದು ಸೆಕೆಂಡಿಗೆ 50 ಸಲ ಹೋಗಿಬರಬೇಕು. ಒಂದೇ ಜೊತೆ ಧ್ರುವ ಇದ್ದರೆ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3000. ನೀರಿನ ಚಕ್ರ ಅಷ್ಟು ವೇಗವಾಗಿ ತಿರುಗುವುದಿಲ್ಲ. ಅದಕ್ಕೆ ಸುತ್ತಲೂ ಹೆಚ್ಚು ಧ್ರುವ ಕೂರಿಸುತ್ತಾರೆ. ಹತ್ತು ಜೊತೆ ಇಟ್ಟರೆ ನಿಮಿಷಕ್ಕೆ 300 ಸುತ್ತು ಸಾಕು.

ಹಿಂದೆ ಮುಂದೆ ಹೋಗುವ ಕರೆಂಟಿನಿಂದ ಕೆಲಸ ಹೇಗೆ ಆಗುತ್ತದೆ ಎಂದು ಒಮ್ಮೆ ಒಬ್ಬ ಅಮ್ಮ ನನ್ನನ್ನು ಕೇಳಿದ್ದರು. ಬಂದಷ್ಟೇ ವಾಪಸು ಹೋದರೆ ನಮಗೇನು ಉಳಿಯಿತು? ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, "ಅಮ್ಮಾ, ಮಜ್ಜಿಗೆ ಕಡೆಯುವಾಗ ಕಡಗೋಲು ಯಾವ ಕಡೆ ತಿರುಗುತ್ತದೆ?" ಹಗ್ಗ ಈಚೆ ಎಳೆದರೆ ಈ ಕಡೆ, ಆಚೆ ಎಳೆದರೆ ಆ ಕಡೆ. ಕಡಗೋಲು ಇದ್ದಲ್ಲೇ ಇದೆ. ಆದರೂ ಬೆಣ್ಣೆ ಬರುತ್ತದೆ. ಅವರು ನಕ್ಕು, "ಈಗ ಗೊತ್ತಾತು" ಎಂದರು.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಸೇರಿತು. ಅಲ್ಲಿಂದೀಚೆಗೆ ಈ ಜಾಲಕ್ಕೆ ನೇರ ಸೇರಿದ ದೊಡ್ಡ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ನೀವು ಶಿರಸಿಯಲ್ಲಿ ಮಿಕ್ಸಿ ಹಾಕಿದರೆ ಆ ಭಾರ ಅಷ್ಟೂ ಯಂತ್ರಗಳಿಗೆ ಕೂದಲೆಳೆಯಷ್ಟು ಹಂಚಿಹೋಗುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಲೈಟು ಹಾಕಿದಾಗ ತಾಳ ತುಸು ನಿಧಾನವಾಗುತ್ತದೆ. ಆಗ ಎಲ್ಲೋ ಒಂದು ಕಡೆ ಬಾಗಿಲು ಇನ್ನಷ್ಟು ತೆರೆದು ನೀರು ಜಾಸ್ತಿ ಬಿಡುತ್ತಾರೆ.

ನಮ್ಮ ಘಟ್ಟದ ಮನೆಗಳ ವಿಷಯಕ್ಕೆ ಬರೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಗುಡ್ಡದ ಬುಡದ ಕೆಲವು ಮನೆಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸಿಕೊಂಡಿದ್ದಾರೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕತ್ತಲೆಯಾದರೂ ಅವರ ಮನೆಯಲ್ಲಿ ಬೆಳಕು. ನಿಮ್ಮ ಜಾಗದಲ್ಲಿ ಆಗುತ್ತದೋ ಎಂದು ನೋಡಲು ಇಂಜಿನಿಯರ್ ಬೇಕಾಗಿಲ್ಲ. ಹಳ್ಳದ ನೀರಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಆ ಜಾಗದಿಂದ ಮನೆಯ ಹತ್ತಿರಕ್ಕೆ ಎಷ್ಟು ಮೀಟರ್ ಇಳುಕಲು ಎಂದು ಅಳೆಯಿರಿ, ಪೈಪಿನ ಉದ್ದ ಅಲ್ಲ, ನೇರ ಎತ್ತರ. 40 ಮೀಟರ್ ಎನ್ನೋಣ. 5 ಗುಣಿಸು 40 ಗುಣಿಸು 9.8. ಸುಮಾರು 1960 ವ್ಯಾಟ್. ಪೈಪಿನ ಉಜ್ಜಾಟ, ಯಂತ್ರದ ಕಮಿಷನ್ ಎಲ್ಲ ಕಳೆದು ಅರ್ಧ ಸಿಕ್ಕಿದರೂ ಹತ್ತಿರಹತ್ತಿರ ಸಾವಿರ ವ್ಯಾಟ್. ಅದೂ ಹಗಲೂ ರಾತ್ರಿ. ಒಂದು ಸಣ್ಣ ಮನೆಗೆ ಬೇಕಾದಷ್ಟು. ಎತ್ತರ ಅರ್ಧ ಇದ್ದರೆ ನೀರು ಎರಡರಷ್ಟು ಬೇಕು, ಲೆಕ್ಕ ಅಷ್ಟೇ ಸರಳ. ಬೇಸಿಗೆಯಲ್ಲಿ ಹಳ್ಳ ಒಣಗಿದರೆ ಯಂತ್ರವೂ ಮಲಗುತ್ತದೆ, ಅದನ್ನು ಮರೆಯಬೇಡಿ.

ಇಲ್ಲಿ ಒಂದು ವಿಷಯ ಕೈಮುಗಿದು ಹೇಳುತ್ತೇನೆ, ಸ್ವಲ್ಪ ಗಮನ ಕೊಡಿ.

ಫ್ಯಾರಡೆಯ ಬಳೆ ನೆನಪಿದೆಯಲ್ಲ, ಎರಡು ಕಾಯಿಲ್? ನಿಮ್ಮ ಊರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಅದೇ. ಕಂಬದ ಮೇಲಿರುವ ಆ ಪೆಟ್ಟಿಗೆಯೊಳಗೆ ಕಬ್ಬಿಣದ ಮೇಲೆ ಎರಡು ಥರದ ಕಾಯಿಲ್ ಇದೆ, ಒಂದು ಹೆಚ್ಚು ಸುತ್ತು, ಒಂದು ಕಡಿಮೆ ಸುತ್ತು. 11,000 ವೋಲ್ಟ್ ಬಂದದ್ದನ್ನು ಇಳಿಸಿ ಮನೆಗೆ 230 ಕೊಡುತ್ತದೆ. ಆದರೆ ಟಿಸಿಗೆ ಇದು ಬರುವ ದಾರಿ, ಇದು ಹೋಗುವ ದಾರಿ ಎಂದು ಗೊತ್ತಿಲ್ಲ. ಲೈನ್ ಹೋದಾಗ ನೀವು ಮನೆಯ ಜನರೇಟರನ್ನೋ ಟರ್ಬೈನನ್ನೋ ಸೀದಾ ಮನೆಯ ವೈರಿಂಗಿಗೆ ಕೊಟ್ಟಿರಿ ಎಂದುಕೊಳ್ಳಿ. ಮೇನ್ ಸ್ವಿಚ್ ತೆಗೆಯಲು ಮರೆತಿರಿ. ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟಿಸಿಗೆ ಹೋಗುತ್ತದೆ. ಅದು ಅದನ್ನು 11,000 ಮಾಡಿ ಲೈನಿಗೆ ಕಳಿಸಬಲ್ಲದು. ಆ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತ, ನಿಮ್ಮ ಮನೆಗೇ ಬೆಳಕು ಕೊಡಲೆಂದು ಕಂಬ ಹತ್ತಿದ ಲೈನ್‌ಮನ್ ಆ ತಂತಿಯನ್ನು ಹಿಡಿದಿರುತ್ತಾನೆ. ಅವನ ಪಾಲಿಗೆ ಲೈನ್ ಬಂದ್ ಆಗಿದೆ.

ಚೇಂಜ್‌ಓವರ್ ಸ್ವಿಚ್ ಎಂದು ಸಿಗುತ್ತದೆ. ಹಿಡಿ ಒಂದು ಕಡೆ ಇದ್ದರೆ ಲೈನ್, ಇನ್ನೊಂದು ಕಡೆ ಇದ್ದರೆ ನಿಮ್ಮ ಯಂತ್ರ. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ. ಅದನ್ನು ಹಾಕಿಸದೆ ಯಾರೂ ಮನೆಗೆ ಜನರೇಟರ್ ಕೊಡಬೇಡಿ. ನಿಮ್ಮ ಮನೆಯಲ್ಲಿ ಈಗಾಗಲೇ ಹಾಗೆ ಕೊಟ್ಟಿದ್ದರೆ ನಾಳೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಇನ್ನು ನಿಮ್ಮ ಚೀಟಿಗಳಲ್ಲಿ ಬಂದ ಪ್ರಶ್ನೆಗಳು. ಆಯಸ್ಕಾಂತ ಖಾಲಿ ಆಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದಾನೆ. ಇಲ್ಲ ತಮ್ಮಾ, ಅದು ತನ್ನದೇನನ್ನೂ ಕೊಡುತ್ತಿಲ್ಲವಲ್ಲ. ಅಪ್ಪಯ್ಯನ ಆ ಡೈನಮೋ ಇನ್ನೂ ನನ್ನ ಹತ್ತಿರ ಇದೆ, ಇವತ್ತೂ ದೀಪ ಹತ್ತಿಸುತ್ತದೆ. ಆದರೆ ಆಯಸ್ಕಾಂತಕ್ಕೆ ಬಿಸಿ ಆಗದು. ಈ ನಿಯೋಡಿಮಿಯಮ್ ಮಾಮೂಲಿ ಜಾತಿಯದು, 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಎತ್ತರದಲ್ಲಿಡಿ. ಎರಡು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಅಂಟಿಕೊಂಡು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೈಕಿನ ಮೆಕ್ಯಾನಿಕ್ "ಮ್ಯಾಗ್ನೆಟ್ ಕಾಯಿಲ್ ಹೋಗಿದೆ" ಎನ್ನುತ್ತಾರೆ, ಅದು ಇದೇನಾ ಎಂದು ಇನ್ನೊಂದು ಚೀಟಿ. ಹೌದು, ಇದೇ. ಇಂಜಿನ್ನಿನ ಜೊತೆ ತಿರುಗುವ ಬಟ್ಟಲಿನೊಳಗೆ ಆಯಸ್ಕಾಂತ, ನಡುವೆ ನಿಂತ ಕಾಯಿಲ್. ಹೆಚ್ಚಾಗಿ ಸುಡುವುದು ಕಾಯಿಲ್, ಆಯಸ್ಕಾಂತ ಸುಮ್ಮನೆ ಹೆಸರಿಗೆ ಬಲಿಯಾಗುತ್ತದೆ.

ತಂತಿ ಎಲ್ಲಿ ಸಿಗುತ್ತದೆ ಎಂದು ಮೂವರು ಕೇಳಿದ್ದೀರಿ. ಪಂಪ್ ಸೆಟ್ಟಿನ ಮೋಟರ್ ರೀವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ 32 ಗೇಜಿನ ವೈಂಡಿಂಗ್ ತಂತಿ 100 ಗ್ರಾಂ ಕೇಳಿ, 1200 ಸುತ್ತಿಗೆ ಸಾಕಾಗಿ ಉಳಿಯುತ್ತದೆ. ಅರ್ಧ ಇಂಚಿನ ವೈರಿಂಗ್ ಪೈಪಿನ ಮೇಲೆ ಎರಡು ಬೆರಳಿನ ಅಗಲದಲ್ಲಿ ಒತ್ತೊತ್ತಾಗಿ ಸುತ್ತಿ. ಎಲ್‌ಇಡಿ ಎರಡನ್ನೂ ಒಂದಕ್ಕೊಂದು ಉಲ್ಟಾ ಕಟ್ಟಿ, ಒಂದರ ಉದ್ದ ಕಾಲಿಗೆ ಇನ್ನೊಂದರ ಗಿಡ್ಡ ಕಾಲು. ತಂತಿಯ ಮೇಲೆ ಕಣ್ಣಿಗೆ ಕಾಣದ ಎನಾಮಲ್ ಪದರ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಹೆರೆದು ತಾಮ್ರ ಫಳಫಳ ಕಂಡ ಮೇಲೆಯೇ ಎಲ್‌ಇಡಿಗೆ ಸುತ್ತಬೇಕು. ಹತ್ತಲಿಲ್ಲ ಎಂದು ನನಗೆ ಫೋನ್ ಮಾಡುವ ಮಕ್ಕಳಲ್ಲಿ ಮುಕ್ಕಾಲು ಪಾಲು ಇದನ್ನೇ ಬಿಟ್ಟಿರುತ್ತಾರೆ. ಕಾಯಿಲ್ ಇಲ್ಲೇ ಮೇಜಿನ ಮೇಲೆ ಇದೆ, ಅಲ್ಲಾಡಿಸಿ ನೋಡುವವರು ಒಬ್ಬೊಬ್ಬರಾಗಿ ಬನ್ನಿ.